ವಿಶ್ವದ ಆಚೆಗೆ ನಾಗಮಂಗಲದ ಬಸ್ಸು

ಈ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನನ್ನು ಹುಡುಕಿಕೊಂಡು ಗಂಜಾಂನ ನನ್ನ ಮನೆಗೆ ಬಂದಾಗ ಮುಖ್ಯವಾಗಿ ಕೇಳುವುದು ಎರಡು ಸಂಗತಿ. ವ್ಯಾನಿಗೆ ಏಸಿ ಹಾಕಿಸಿದ್ದಾರೆಯೇ? ಊರೂರು ತಿರುಗುವಾಗ ಮಧ್ಯಾಹ್ನದ ಊಟ ಎಲ್ಲಿ? ಎರಡಕ್ಕೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಹಾಕಿಸಿಲ್ಲ, ಶಾಲೆಯ ಬಿಸಿಯೂಟ. ಮೂರನೆಯ ಒಂದು ಪ್ರಶ್ನೆಯನ್ನು ಅವರು ಕೇಳುವುದಿಲ್ಲ. ಆದರೆ ಸೇರಿದ ಮೊದಲ ವಾರದಲ್ಲೇ ಯಾವುದಾದರೂ ಮಗು ಅದನ್ನು ಅವರಿಗೆ ಕೇಳುತ್ತದೆ: "ಅದ್ರಾಚೆ ಏನದೆ ಸಾರ್?" ಈ ಬರಹ ಆ ಪ್ರಶ್ನೆಯದು.

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಸಂಶೋಧನೆ ಮಾಡುತ್ತೇನೆಂದು ಮನೆಯಲ್ಲೆಲ್ಲ ಹೇಳಿಕೊಂಡು, ಕೊನೆಗೆ ಒಂದು ವಿಜ್ಞಾನ ಕೇಂದ್ರದ ಸಂಚಾರಿ ತಾರಾಲಯದಲ್ಲಿ ನಿರೂಪಕನಾದೆ. ನಿರೂಪಕ ಎನ್ನುವುದು ನೇಮಕಾತಿ ಆದೇಶದಲ್ಲಿದ್ದ ಪದ. ಹಳ್ಳಿಗಳಲ್ಲಿ ನನ್ನ ಹೆಸರು 'ಟೆಂಟಿನ ಮೇಷ್ಟ್ರು'. ಕಪ್ಪು ಬಟ್ಟೆಯ ಒಂದು ದೊಡ್ಡ ಗುಡಾರ. ಗಾಳಿ ಊದುವ ಬ್ಲೋವರ್ ಹಚ್ಚಿದರೆ ಇಡ್ಲಿಯಂತೆ ಉಬ್ಬಿಕೊಳ್ಳುತ್ತದೆ. ಮಕ್ಕಳು ಒಂದು ಕೊಳವೆಯಂಥ ಬಾಗಿಲಲ್ಲಿ ಅಂಬೆಗಾಲಿಟ್ಟು ಒಳಗೆ ಹೋಗಬೇಕು. ಒಳಗೆ ಕತ್ತಲು, ನಡುವೆ ಯಂತ್ರ, ತಲೆಯ ಮೇಲೆ ನಕ್ಷತ್ರ. ಕರೆಂಟು ಹೋದರೆ ಆಕಾಶ ಮೆಲ್ಲಗೆ ಕೆಳಗಿಳಿದು ತಲೆಯ ಮೇಲೆ ಕೂರುತ್ತದೆ. ನಮ್ಮ ಸೀಮೆಯಲ್ಲಿ ಆಕಾಶ ದಿನಕ್ಕೊಮ್ಮೆಯಾದರೂ ಹಾಗೆ ಕೆಳಗಿಳಿಯುತ್ತಿತ್ತು.

ದಿನಚರಿ ಬರೆಯುವ ಚಟ ನನಗಿದೆ. ಅದರಿಂದ ನನ್ನ ನೆನಪು ಗಟ್ಟಿಯೆಂದು ಯಾರೂ ತಿಳಿಯಬಾರದು. ದಿನಚರಿ ತೆರೆದು ನೋಡಿದರೆ ನಾನು ಹೇಳಿಕೊಂಡು ಬಂದ ಒಳ್ಳೊಳ್ಳೆಯ ಪ್ರಸಂಗಗಳಲ್ಲಿ ಅರ್ಧಕ್ಕೆ ಅಲ್ಲಿ ಜಾಗವೇ ಇಲ್ಲ, 'ಮಳೆ. ಪ್ರದರ್ಶನ ರದ್ದು' ಎಂದಷ್ಟೇ ಇರುತ್ತದೆ. ಉಳಿದರ್ಧದಲ್ಲಿ ಬೇರೆಯವರು ಆಡಿದ ಜಾಣ ಮಾತು ಕಾಲ ಕಳೆದಂತೆ ನನ್ನ ಬಾಯಿಗೆ ಬಂದು ಕೂತಿದೆ. ಅನುಮಾನವಿದ್ದ ಕಡೆ ಅನುಮಾನವೆಂದೇ ಬರೆಯುತ್ತೇನೆ.

ಗಂಜಾಂನ ಶಾಲೆಯ ಪ್ರಸಂಗದ ಬಗ್ಗೆ ಮಾತ್ರ ಅನುಮಾನವಿಲ್ಲ, ಏಕೆಂದರೆ ಅದರ ವಾಸನೆ ಇನ್ನೂ ಮೂಗಿನಲ್ಲಿದೆ. ನಾನು ಕೆಲಸಕ್ಕೆ ಸೇರಿದ ಹೊಸತು. ಆಗ ನಮ್ಮ ಯಂತ್ರವೆಂದರೆ ತೂತು ಕೊರೆದ ಒಂದು ಲೋಹದ ಡಬ್ಬ, ಒಳಗೊಂದು ಸಣ್ಣ ಬಲ್ಬು. ತೂತಿನಿಂದ ಬಂದ ಬೆಳಕು ಬಟ್ಟೆಯ ಮೇಲೆ ನಕ್ಷತ್ರವಾಗುತ್ತಿತ್ತು. ಅಲ್ಲಿನ ಹೆಡ್ ಮಾಸ್ಟರು ದೇವಸ್ಥಾನದ ಕಡೆಯ ಮನೆಯವರು, ಬಹಳ ಮರ್ಯಾದಸ್ಥರು. ಗುಡಾರದ ಮುಂದೆ ತೆಂಗಿನಕಾಯಿ ಒಡೆಸಿದರು. ಮಕ್ಕಳು ಚಪ್ಪಲಿ ಹೊರಗೆ ಬಿಟ್ಟರು, ನಾನೂ ಬಿಟ್ಟೆ. ಅಲ್ಲಿಯವರೆಗೆ ಸರಿ.

"ಒಳಗೆ ಸಪ್ತರ್ಷಿಗಳು ಇರ್ತಾರೆ ಅಂತ ನೀವೇ ಹೇಳಿದ್ರಿ. ಬರಿಗೈಲಿ ಹೋಗೋಕಾಗುತ್ತಾ ಸಾರ್?" ಎಂದು ಅವರು ಒಂದು ಹಿಡಿ ಊದಿನಕಡ್ಡಿ ಹಚ್ಚಿಕೊಂಡು, ಒಂದೇ ಕೈಯಲ್ಲಿ ಅಂಬೆಗಾಲಿಟ್ಟು ಒಳಗೆ ಬಂದರು.

ಗುಡಾರಕ್ಕೆ ಕಿಟಕಿಯಿಲ್ಲ. ಹೊಗೆ ತುಂಬಿಕೊಂಡಿತು. ಡಬ್ಬದ ತೂತುಗಳಿಂದ ಹೊರಟ ಬೆಳಕು ಹೊಗೆಯಲ್ಲಿ ಹರಿದು ನೂರಾರು ಎಳೆಯಾಯಿತು. ಮಕ್ಕಳು ಕೆಮ್ಮುತ್ತಲೇ "ಓ!" ಎಂದರು. ಆಕಾಶಗಂಗೆಯನ್ನು ಅಷ್ಟು ಚೆನ್ನಾಗಿ ನಾನು ಮತ್ತೆಂದೂ ತೋರಿಸಲಿಲ್ಲ. ಹೆಡ್ ಮಾಸ್ಟರು ಕೈಮುಗಿದು ಕೂತಿದ್ದರು. ಹೊರಗೆ ಬಂದಮೇಲೆ ಎಲ್ಲರ ಕಣ್ಣಲ್ಲೂ ನೀರು. ವರದಿಯಲ್ಲಿ ನಾನು 'ಮಕ್ಕಳು ಭಾವುಕರಾದರು' ಎಂದು ಬರೆದೆ. ನಮ್ಮ ಮೊದಲ ನಿರ್ದೇಶಕರು ಅದನ್ನು ಓದಿ ಬಹಳ ಸಂತೋಷಪಟ್ಟರು.

ಆ ನಿರ್ದೇಶಕರು ಸಸ್ಯಶಾಸ್ತ್ರದವರು, ನಿವೃತ್ತಿಯ ಹತ್ತಿರಕ್ಕೆ ಬಂದು ನಮಗೆ ದಕ್ಕಿದವರು. ಕತ್ತಲೆಯ ಗುಡಾರದೊಳಗೆ ಅವರು ಒಮ್ಮೆಯೂ ಬರಲಿಲ್ಲ. ಬಾಗಿಲಲ್ಲಿ ಬಗ್ಗಬೇಕಲ್ಲ, ಅದಕ್ಕೆ. ಅವರು ನನಗೆ ಕಲಿಸಿದ ಪಾಠ ಒಂದೇ. 'ಗೊತ್ತಿಲ್ಲ' ಎನ್ನುವ ಪದವನ್ನು ಸರ್ಕಾರಿ ಸಂಬಳ ಪಡೆಯುವವನು ಬಾಯಲ್ಲಿ ತರಬಾರದು.

"ಗೊತ್ತಿಲ್ಲ ಅನ್ನಬೇಡಿ. ವಿಜ್ಞಾನಿಗಳು ಅಧ್ಯಯನ ನಡೆಸುತ್ತಿದ್ದಾರೆ ಅನ್ನಿ," ಎಂದರು.

"ಅವರಿಗೂ ಗೊತ್ತಿಲ್ಲದಿದ್ದರೆ ಸಾರ್?"

"ಅದಕ್ಕೇ ಅಲ್ಲವೇನ್ರೀ ಅಧ್ಯಯನ ನಡೆಸುತ್ತಿರೋದು?"

ತರ್ಕ ಸರಿಯಾಗಿಯೇ ಇತ್ತು. ಕೆಲವು ವರ್ಷ ಹಾಗೆಯೇ ಹೇಳಿದೆ. ಅದನ್ನು ಮುರಿದದ್ದು ಪಾಂಡವಪುರ ತಾಲ್ಲೂಕು ಕ್ಯಾತನಹಳ್ಳಿಯ ಮಕ್ಕಳು. ನಮ್ಮ ವ್ಯಾನಿನ ಡ್ರೈವರ್ ಸಿದ್ದೇಗೌಡನ ಊರೂ ಅದೇ. ಅಂದು ಪ್ರದರ್ಶನ ಮುಗಿಸಿ ನಾನು, "ನಮಗೆ ಕಾಣುವ ವಿಶ್ವ ಇಷ್ಟೇ. ವಿಶ್ವ ಹುಟ್ಟಿದಾಗಿನಿಂದ ಇಲ್ಲಿಯವರೆಗೆ ಎಲ್ಲಿಯ ಬೆಳಕು ನಮ್ಮನ್ನು ತಲುಪಿದೆಯೋ ಅಲ್ಲಿಯವರೆಗೆ ಮಾತ್ರ ಕಾಣುತ್ತದೆ," ಎಂದೆ. ಒಬ್ಬ ಹುಡುಗ ಎದ್ದು ಹೋಗಿ ಗುಡಾರದ ಬಟ್ಟೆಯನ್ನು ಒಳಗಿನಿಂದ ಬೆರಳಲ್ಲಿ ತಿವಿದ.

"ಇದ್ರಾಚೆ ಏನದೆ ಸಾರ್?"

"ಇದರ ಆಚೆ ನಿಮ್ಮ ಶಾಲೆ ಇದೆ ಕಣಪ್ಪ. ನಿಜವಾದ ವಿಶ್ವದ ಆಚೆ ಏನಿದೆ ಅಂತ ವಿಜ್ಞಾನಿಗಳು ಅಧ್ಯಯನ..."

"ಅಂಗಾರೆ ಗೊತ್ತಿಲ್ಲ ಅನ್ನಿ," ಎಂದ ಅವನು. ಗುಡಾರದ ಹೊರಗೆ ಬ್ಲೋವರ್ ಕಾಯುತ್ತಿದ್ದ ಸಿದ್ದೇಗೌಡ ಬಟ್ಟೆಯಾಚೆಯಿಂದಲೇ ಗದರಿದ: "ಲೇ, ಕುಂತ್ಕಳ್ಳಾ! ಮೇಷ್ಟ್ರುಗೆ ಎದುರಾಡ್ತನೆ."

ನನಗೆ ನಾಚಿಕೆಯಾಯಿತು. ಮಕ್ಕಳನ್ನು ಹೊರಗೆ ಕರೆದುಕೊಂಡು ಬಂದು ಶಾಲೆಯ ಪಕ್ಕದ ಕಬ್ಬಿನ ಗದ್ದೆಯ ನಡುವಿನ ಕಾಲುದಾರಿಯಲ್ಲಿ ನಿಲ್ಲಿಸಿದೆ. ಕಬ್ಬು ಆಳೆತ್ತರ ಮೀರಿ ಬೆಳೆದಿತ್ತು. "ಇಲ್ಲಿಂದ ನಿಮಗೆ ಎಷ್ಟು ಕಾಣುತ್ತೆ?" ಎಂದು ಕೇಳಿದೆ. ಸುತ್ತ ನಾಲ್ಕಾರು ಸಾಲು ಮಾತ್ರ. "ನೀವು ನಾಲ್ಕು ಹೆಜ್ಜೆ ಹೋದರೆ ಬೇರೆ ನಾಲ್ಕಾರು ಸಾಲು ಕಾಣುತ್ತೆ. ಕಾಣುವ ವೃತ್ತ ನಿಮ್ಮದು, ಗದ್ದೆಯದ್ದಲ್ಲ. ವಿಶ್ವವೂ ಹಾಗೆಯೇ. ಬೇರೊಂದು ಗೆಲಾಕ್ಸಿಯಲ್ಲಿ ಇರುವವರಿಗೆ ಅವರ ಸುತ್ತ ಅವರದೇ ವೃತ್ತ. ನಮ್ಮ ವೃತ್ತದ ಆಚೆ ಏನಿದೆ ಅಂತ ಯಾರೂ ನೋಡಿಲ್ಲ. ಹೆಚ್ಚಿನವರ ಊಹೆ ಏನಪ್ಪ ಅಂದರೆ, ಇಲ್ಲಿರುವಂಥದ್ದೇ ಅಲ್ಲೂ ಇನ್ನಷ್ಟಿದೆ."

ಅದೇ ಹುಡುಗ ಮುಖ ಸಣ್ಣದು ಮಾಡಿಕೊಂಡ. "ಅಲ್ಲೂ ಕಬ್ಬೇನಾ ಸಾರ್?"

ಕಾಣುವ ವಿಶ್ವದ ಆಚೆಯ ಬಗ್ಗೆ ನಾನು ಕೇಳಿದ ಅತ್ಯಂತ ದುಃಖದ ಪ್ರಶ್ನೆ ಅದು. ಅಂದಿನಿಂದ ಪ್ರದರ್ಶನದ ಕೊನೆಗೆ ಐದು ನಿಮಿಷ ಪ್ರಶ್ನೆಗೆಂದು ಇಟ್ಟೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೇ ಹೇಳತೊಡಗಿದೆ. ನಿರ್ದೇಶಕರು ಗುಡಾರದೊಳಗೆ ಬರುತ್ತಿರಲಿಲ್ಲವಾದ್ದರಿಂದ ಯಾವ ತೊಂದರೆಯೂ ಆಗಲಿಲ್ಲ.

ಕಬ್ಬಿನ ಗದ್ದೆ ಪೇಟೆಯ ಶಾಲೆಗಳಿಗೆ ಆಗುತ್ತಿರಲಿಲ್ಲ. ಕೃಷ್ಣರಾಜಪೇಟೆಯ ಒಂದು ಪ್ರೌಢಶಾಲೆಯಲ್ಲಿ ಬಸ್ ಸ್ಟ್ಯಾಂಡನ್ನು ಹಿಡಿದುಕೊಂಡೆ. ಕೊಂಚ ಹೆಮ್ಮೆಯಿಂದಲೇ ಹೇಳಿದೆ: "ನೀವು ಸ್ಟ್ಯಾಂಡಿನಲ್ಲಿ ಕಾಯ್ತಿದ್ದೀರಿ. ನಾಗಮಂಗಲದಿಂದ ಬಸ್ಸು ಹೊರಟಿದೆ, ಇನ್ನೂ ಬಂದಿಲ್ಲ. ಬಸ್ಸು ಬಂದಿಲ್ಲ ಅಂದಮಾತ್ರಕ್ಕೆ ನಾಗಮಂಗಲ ಇಲ್ಲ ಅಂತೀರಾ? ಬೆಳಕೂ ಹಾಗೆ. ಅಷ್ಟೇ ಅಲ್ಲ, ವಿಶ್ವ ಹಿಗ್ಗುತ್ತಾ ಇದೆ. ಬಸ್ಸು ಬರ್ತಾ ಇದ್ದ ಹಾಗೇ ನಡುವಿನ ರಸ್ತೆಯೇ ಉದ್ದ ಆಗ್ತಾ ಹೋದರೆ? ಕೆಲವು ಬಸ್ಸು ಎಂದಿಗೂ ಬರೋದೇ ಇಲ್ಲ."

"ಈಗ್ಲೂ ಬರಾಕಿಲ್ಲ ಬುಡಿ ಸಾರ್," ಎಂದು ಹಿಂದಿನಿಂದ ಯಾರೋ ಹೇಳಿದರು. ನಗು ಎದ್ದಿತು. ಆಮೇಲೆ ಒಬ್ಬ ಹುಡುಗಿ ಎದ್ದು ನಿಂತಳು.

"ಸಾರ್, ಬಸ್ಸು ಬರ್ದೇ ಇದ್ರೂ ನಾಗಮಂಗ್ಲ ಅದೆ ಅಂತ ನಂಗೆ ಗೊತ್ತು. ನಮ್ಮತ್ತೆ ಅಲ್ಲವ್ರೆ. ಹಬ್ಬಕ್ಕೆ ಬತ್ತರೆ. ಆ ವಿಶ್ವದಾಚೆಯಿಂದ ಯಾರ್ ಬಂದಿದ್ರು ಸಾರ್?"

ಯಾರೂ ಬಂದಿರಲಿಲ್ಲ. ನನ್ನ ಉಪಮೆ ಅಲ್ಲಿಗೇ ಕೆಟ್ಟು ನಿಂತಿತು. ವಿಶ್ವದ ಆಚೆ ನಮಗೆ ಅತ್ತೆಯಿಲ್ಲ. ಇದ್ದರೂ ಅವರು ಹಬ್ಬಕ್ಕೆ ಬರುವಂತಿಲ್ಲ. ಆ ಹುಡುಗಿಯ ಮಾತನ್ನು ಆಮೇಲೆ ಎಲ್ಲ ಶಾಲೆಗಳಲ್ಲೂ ಹೇಳಿದೆ. ಕೆಲವು ಕಡೆ ನನ್ನದೇ ಮಾತೆಂಬಂತೆಯೂ ಹೇಳಿರಬೇಕು.

ಎರಡನೆಯ ನಿರ್ದೇಶಕರು ಬಂದದ್ದು ಡಿಜಿಟಲ್ ಪ್ರೊಜೆಕ್ಟರಿನ ಜೊತೆಗೆ. ಯಾವುದು ಮೊದಲು ಬಂತು, ಯಾವುದು ಯಾವುದನ್ನು ತಂತು ಎಂದು ಈಗ ಹೇಳಲಾರೆ. ತೂತಿನ ಡಬ್ಬ ಗೋದಾಮಿಗೆ ಹೋಯಿತು. ಹೊಸ ಯಂತ್ರದಲ್ಲಿ ಗ್ರಹಗಳು ಮುಖಕ್ಕೆ ಬಂದು ಬಡಿಯುವಂತೆ ಹಾರಾಡುತ್ತಿದ್ದವು. ಒಳ್ಳೆಯ ಯಂತ್ರ, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಇದ್ದದ್ದು ಮಾತಿನಲ್ಲಿ.

"ಒಂದೊಂದು ಶಾಲೆಯಲ್ಲಿ ಒಂದೊಂದು ಥರ ಮಾತಾಡ್ತೀರಂತೆ. ಕಬ್ಬು ಅಂತೀರಂತೆ, ಬಸ್ಸು ಅಂತೀರಂತೆ," ಎಂದರು ಹೊಸ ನಿರ್ದೇಶಕರು. "ಏಕರೂಪತೆ ಬೇಕು. ಇನ್ನುಮುಂದೆ ಧ್ವನಿಮುದ್ರಿತ ನಿರೂಪಣೆ. ಕೊನೆಯ ಆ ಐದು ನಿಮಿಷ ತೆಗೆದುಹಾಕಿ."

"ಯಾರ ಧ್ವನಿ ಸಾರ್?"

"ಬೇರೆಯವರಿಗೆ ಕೊಡೋಕೆ ಅನುದಾನ ಎಲ್ಲಿದೆ? ನೀವೇ."

ಹೀಗೆ ನನ್ನ ಬಾಯನ್ನು ನನ್ನದೇ ಧ್ವನಿಯಿಂದ ಮುಚ್ಚಿಸಲಾಯಿತು. ಮೈಸೂರಿನ ಒಂದು ಸ್ಟುಡಿಯೋದಲ್ಲಿ ಕೂತು ಅವರು ಬರೆಸಿದ್ದನ್ನು ಓದಿದೆ. ಕೊನೆಯ ಸಾಲು ಹೀಗಿತ್ತು: 'ಅದರ ಆಚೆ, ಅಸಂಖ್ಯ ವಿಶ್ವಗಳು ನೊರೆಯ ಗುಳ್ಳೆಗಳಂತೆ ತೇಲುತ್ತಿವೆ.' ಪರದೆಯ ಮೇಲೆ ಬಣ್ಣಬಣ್ಣದ ಗುಳ್ಳೆಗಳು, ಹಿಂದೆ ವೀಣೆ. ಬೇರೆ ವಿಶ್ವಗಳಿರಬಹುದು ಎಂದು ಲೆಕ್ಕ ಹಾಕುವ ವಿಜ್ಞಾನಿಗಳು ಇದ್ದಾರೆ, ನಿಜ. ಗುಳ್ಳೆಯನ್ನು ಕಂಡವರು ಯಾರೂ ಇಲ್ಲ. ಆದ್ದರಿಂದ ನಾನು 'ಅದರ ಆಚೆ' ಎಂದು ಹೇಳಿ, 'ಬಹುಶಃ' ಎಂದು ಸೇರಿಸಿ, ಆಮೇಲೆ ಮುಂದಿನದನ್ನು ಓದಿದೆ. ಧ್ವನಿಮುದ್ರಣ ಕೈಗೆ ಬಂದಾಗ 'ಬಹುಶಃ' ಇರಲಿಲ್ಲ. ಅದು ಇದ್ದ ಕಡೆ ಒಂದು ಉಸಿರಿನಷ್ಟು ಖಾಲಿ ಜಾಗವಿತ್ತು.

"ಅನುಮಾನದ ಧ್ವನಿ ಮಕ್ಕಳಿಗೆ ಒಳ್ಳೆಯದಲ್ಲ," ಎಂದು ನಿರ್ದೇಶಕರು ಹೇಳಿದರೆಂದು ನನ್ನ ನೆನಪು. ಆಗ ನಾನು ಅವರ ಜೊತೆ ವಾದ ಮಾಡಿದೆ ಎಂದೂ ನೆನಪು. ಅಂದಿನ ದಿನಚರಿಯಲ್ಲಿ ವಾದದ ಸುದ್ದಿಯಿಲ್ಲ. ನಾನು ನಿಜವಾಗಿ 'ಬಹುಶಃ' ಎಂದು ಓದಿದ್ದೆನೇ, ಅಥವಾ ಓದಬೇಕೆಂದುಕೊಂಡು ಉಸಿರು ಎಳೆದುಕೊಂಡು ಸುಮ್ಮನಾದೆನೇ? ಖಾಲಿ ಜಾಗ ಎರಡಕ್ಕೂ ಹೊಂದುತ್ತದೆ.

ಈಗ ಅದೇ ನಾಗಮಂಗಲದ ಕಡೆ ನಡೆದ ಒಂದು ಸಂಗತಿಗೆ ಬರುತ್ತೇನೆ. ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆ. ಅಲ್ಲಿ ಜಯಲಕ್ಷ್ಮಿ ಎಂಬ ಅತಿಥಿ ಶಿಕ್ಷಕಿ ವಿಜ್ಞಾನ ಹೇಳುತ್ತಿದ್ದರು. ಅತಿಥಿ ಶಿಕ್ಷಕರೆಂದರೆ, ಗೊತ್ತಿರಲಿ, ಅತಿಥಿ ಸತ್ಕಾರವೇನೂ ಇಲ್ಲ. ಪ್ರತಿವರ್ಷ ಶಾಲೆ ಶುರುವಾಗುವಾಗ ಮತ್ತೆ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂದು ಕಾಯುತ್ತ ಕೂರುವ ಕೆಲಸ. ಅವರ ಗಂಡನಿಗೆ ಕೆಲಸವಿರಲಿಲ್ಲ, ಮನೆ ನಡೆಯುತ್ತಿದ್ದದ್ದು ಇದರಲ್ಲೇ. ಅಲ್ಲಿನ ಹೆಡ್ ಮಾಸ್ಟರು ಪುಟ್ಟಸ್ವಾಮಿ. ಅವರ ಷಡ್ಡಕನ ಮಗಳೊಬ್ಬಳು ಬಿ.ಎಡ್. ಮುಗಿಸಿ ಅದೇ ಜಾಗಕ್ಕೆ ಕಾಯುತ್ತಿದ್ದಾಳೆಂದು ಸಿದ್ದೇಗೌಡ ದಾರಿಯಲ್ಲೇ ಸುದ್ದಿ ತಂದಿದ್ದ. ಡ್ರೈವರುಗಳ ಸುದ್ದಿ ಬೆಳಕಿಗಿಂತ ವೇಗವಾಗಿ ಹೋಗುತ್ತದೆ.

ನಾವು ಹೋದಾಗ ಹೆಡ್ ಮಾಸ್ಟರು ಗೇಟಿನಲ್ಲೇ ಹಿಡಿದುಕೊಂಡರು. "ನಿಮ್ಮನ್ನ ಯಾಕ್ ಕರ್ಸಿದ್ದು ಗೊತ್ತಾ ಸಾರ್? ನಮ್ ಮೇಡಮ್ಮುನ್ನ ಮಕ್ಕಳು ವಿಶ್ವದಾಚೆ ಏನದೆ ಅಂತ ಕೇಳವೆ. ಎಲ್ರೆದ್ರೂ ಗೊತ್ತಿಲ್ಲ ಅಂದ್ಬುಟ್ಟವ್ರೆ! ವಿಜ್ಞಾನದ ಟೀಚರು ಗೊತ್ತಿಲ್ಲ ಅನ್ನದಾ? ಇವತ್ತು ನೀವು ಸರಿಯಾದ್ದು ತೋರ್ಸಿ. ಮುಂದಿನ ವರ್ಷಕ್ಕೆ ಯಾರನ್ನ ತಕಬೇಕು ಅಂತ ನಮಗೂ ತೀರ್ಮಾನ ಮಾಡಕ್ಕಾಯ್ತದೆ."

ಜಯಲಕ್ಷ್ಮಿ ಮಕ್ಕಳ ಚಪ್ಪಲಿಗಳನ್ನು ಸಾಲಾಗಿ ಇಡಿಸುತ್ತ ನಿಂತಿದ್ದರು. ಮಾತು ಅವರಿಗೆ ಕೇಳಿಸಿತ್ತು, ತಿರುಗಿ ನೋಡಲಿಲ್ಲ. ಸ್ಪೀಕರಿನ ಡಬ್ಬದೊಳಗೆ ನಾನು ಏನು ಹೇಳುತ್ತೇನೆಂದು ನನಗೆ ಗೊತ್ತಿತ್ತು.

ಪ್ರದರ್ಶನ ಆಯಿತು. ನನ್ನ ಧ್ವನಿ ಕೊನೆಗೆ ಬಂದು, "ಅದರ ಆಚೆ," ಎಂದಿತು. ಒಂದು ಉಸಿರು ಬಿಟ್ಟು, "ಅಸಂಖ್ಯ ವಿಶ್ವಗಳು ನೊರೆಯ ಗುಳ್ಳೆಗಳಂತೆ ತೇಲುತ್ತಿವೆ," ಎಂದಿತು. ಗುಳ್ಳೆಗಳು ಹಾರಿದವು. ವೀಣೆ ನುಡಿಯಿತು. ಕತ್ತಲಲ್ಲೇ ಹೆಡ್ ಮಾಸ್ಟರ ಮಾತು ಕೇಳಿಸಿತು: "ಕೇಳಿದ್ರಾ ಮೇಡಂ?"

ಹೊರಗೆ ಬಿಸಿಲಿನಲ್ಲಿ ಮಕ್ಕಳು ಕಣ್ಣುಜ್ಜಿಕೊಳ್ಳುತ್ತ ನಿಂತರು. ಪ್ರದರ್ಶನದ ನಂತರ ಮಾತಾಡಬಾರದೆಂದು ನನಗೆ ಆದೇಶವಿತ್ತು. ಆದರೂ ಬಾಯಿ ತೆರೆದೆ. "ನೋಡಿ ಮಕ್ಕಳೇ, ಕೊನೆಯಲ್ಲಿ ಹೇಳಿದ್ದು ಒಂದು ಊಹೆ. ಆಚೆ ಏನಿದೆ ಅಂತ ಪ್ರಪಂಚದಲ್ಲಿ ಯಾರಿಗೂ ಗೊತ್ತಿಲ್ಲ. ನಿಮ್ಮ ಮೇಡಂ ಹೇಳಿದ್ದೇ ಸರಿ."

ಹೆಡ್ ಮಾಸ್ಟರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಅಲ್ಲಾ ಸಾರ್, ಒಳಗೆ ಮಾತಾಡಿದ್ದು ನಿಮ್ದೇ ವಾಯ್ಸು ಅಲ್ವಾ?"

"ಹೌದು, ನನ್ನದೇ."

"ಡಬ್ಬದಲ್ಲೊಂದು ಬಾಯಲ್ಲೊಂದು ಅಂದ್ರೆ ನಾವು ಯಾವುದನ್ನ ನಂಬದು? ಡಬ್ಬದ್ದು ಇಲಾಖೆದು. ಬಾಯಿನದು ನಿಮ್ದು. ನಾನು ಇಲಾಖೆದೇ ನಂಬದು."

ಹುಡುಗರಲ್ಲಿ ಒಬ್ಬ ಪಿಸುಗುಟ್ಟಿದ: "ಒಳಗಿನ ಸಾರೇ ಚೆನ್ನಾಗಿ ಮಾತಾಡ್ತರೆ ಕಣ್ಲಾ." ಅದೂ ನಿಜ. ಒಳಗಿನ ನನಗೆ ವೀಣೆಯಿತ್ತು.

ಹೆಡ್ ಮಾಸ್ಟರು ಅಲ್ಲಿಗೆ ಬಿಡಲಿಲ್ಲ. ಫೋನು ತೆಗೆದು ನಮ್ಮ ನಿರ್ದೇಶಕರಿಗೇ ಹಚ್ಚಿದರು. ಎಲ್ಲರಿಗೂ ಕೇಳಿಸಲೆಂದು ಸ್ಪೀಕರ್ ಹಾಕಿ ಅಂಗೈ ಮೇಲೆ ಆರತಿ ತಟ್ಟೆಯಂತೆ ಹಿಡಿದುಕೊಂಡರು. ನಡೆದದ್ದನ್ನು ಹೇಳಿ, "ವಿಶ್ವದಾಚೆ ಗೊತ್ತಿಲ್ಲ ಅನ್ನೋರ್ನ ಇಟ್ಕಂಡು ನಾನು ಶಾಲೆ ಹೆಂಗ್ ನಡ್ಸದು ಸಾರ್? ನೀವೇ ಯೋಳಿ," ಎಂದರು.

ನಿರ್ದೇಶಕರು ಊಟದ ನಡುವೆ ಇದ್ದರೆಂದು ತೋರುತ್ತದೆ; ಅಗಿಯುವ ಸದ್ದು ಕೇಳಿಸಿತು. ನಾನು ಜಯಲಕ್ಷ್ಮಿಯವರನ್ನು ನೋಡಿದೆ. ಅವರು ಫೋನನ್ನೇ ನೋಡುತ್ತಿದ್ದರು.

"ಈ ವಿಶ್ವದ ಆಚೆ ಅನ್ನೋದು ನಿಮ್ಮ ಪಠ್ಯದಲ್ಲಿದೆಯೇನ್ರೀ?" ಎಂದರು ನಿರ್ದೇಶಕರು.

"ಪಠ್ಯದಲ್ಲಿ... ಇಲ್ಲ ಸಾರ್."

"ಪರೀಕ್ಷೆಗೆ ಬರುತ್ತಾ?"

"ಇಲ್ಲ ಸಾರ್."

"ಪಠ್ಯದಲ್ಲಿ ಇಲ್ಲದ್ದು ಆಕೆಗೆ ಯಾಕ್ರೀ ಗೊತ್ತಿರಬೇಕು? ಗೊತ್ತಿಲ್ಲ ಅಂದಿದ್ದಾರೆ, ಶಿಸ್ತಾಗಿಯೇ ಇದ್ದಾರಲ್ಲ! ನಮ್ಮವರು ಪಕ್ಕದಲ್ಲಿದ್ದರೆ ಬೇಗ ಹೊರಡೋಕೆ ಹೇಳಿ. ಸಂಜೆ ಇನ್ನೊಂದು ಶಾಲೆ ಇದೆ." ಫೋನು ಕಟ್ಟಾಯಿತು.

ಗುಡಾರದ ಗಾಳಿ ಇಳಿಯುವಾಗ ಬರುವ ನಿಟ್ಟುಸಿರಿನಂಥ ಶಬ್ದ ಬಂತು. ಅದು ಗುಡಾರದ್ದೋ ಹೆಡ್ ಮಾಸ್ಟರದ್ದೋ ತಿಳಿಯಲಿಲ್ಲ. ಆ ಸಸ್ಯಶಾಸ್ತ್ರದ ನಿರ್ದೇಶಕರಾಗಲಿ, ಕಬ್ಬಿನ ಗದ್ದೆಯಾಗಲಿ, ನನ್ನ ಎಂ.ಎಸ್ಸಿ. ಆಗಲಿ ಉಳಿಸಲಾರದಿದ್ದ ಒಂದು ನೌಕರಿಯನ್ನು 'ಪಠ್ಯದಲ್ಲಿಲ್ಲ' ಎನ್ನುವ ಮಾತು ಉಳಿಸಿತು. ಸತ್ಯದ ಪರವಾಗಿ ನಾನು ಮಾತಾಡಿದ್ದಕ್ಕೆ ಯಾರೂ ಬೆಲೆ ಕೊಡಲಿಲ್ಲ ಎಂಬ ಸಣ್ಣ ಬೇಸರ ನನಗಾದದ್ದೂ ನಿಜ.

ಸಿದ್ದೇಗೌಡ ಗುಡಾರ ಮಡಿಚುತ್ತಿದ್ದಾಗ ಜಯಲಕ್ಷ್ಮಿ ನೀರಿನ ಲೋಟ ತಂದುಕೊಟ್ಟರು. "ಬದುಕ್ಕಂಡೆ ಸಾರ್," ಎಂದರು. ಆಮೇಲೆ, "ಆದ್ರೆ ನಾಳೆಯಿಂದ ಮಕ್ಕಳು ಏನ್ ಕೇಳುದ್ರೂ ಪಠ್ಯದಲ್ಲಿಲ್ಲ ಅಂತ ಹೆಡ್ ಮಾಸ್ಟ್ರು ಕೂರುಸ್ಬುಡ್ತಾರೆ. ಆ ಮಕ್ಕಳು ಕೇಳಿದ್ದು ಎಷ್ಟ್ ಒಳ್ಳೆ ಪ್ರಶ್ನೆ ಸಾರ್!"

"ನಾನು ಅಲ್ಲಿ 'ಬಹುಶಃ' ಅಂತ ಸೇರಿಸಿದ್ದೆ ಮೇಡಂ. ಕತ್ತರಿಸಿಬಿಟ್ಟರು."

"ಎಲ್ಲಿ ಸಾರ್?"

"'ಅದರ ಆಚೆ' ಆದಮೇಲೆ ಒಂದು ಸಣ್ಣ ಖಾಲಿ ಬರುತ್ತಲ್ಲ, ಅಲ್ಲಿ."

ಅವರು ತುಟಿಯಲ್ಲೇ ಆ ಸಾಲನ್ನು ಒಮ್ಮೆ ಹೇಳಿಕೊಂಡರು. ಲೋಟ ತೆಗೆದುಕೊಂಡು ಹೋದರು. ವ್ಯಾನಿನಲ್ಲಿ ಸಿದ್ದೇಗೌಡ, "ನಿಮ್ದೊಂದ್ ಬಾಯಿ ಸಾಕಾಗಿರ್ನಿಲ್ವಾ ಸಾ, ಎಲ್ಡ್ ಬಾಯಿ ಮಾಡ್ಕಂಡ್ರಲ್ಲ," ಎಂದ.

ಮುಂದಿನ ವರ್ಷ ಮತ್ತೆ ಅದೇ ಶಾಲೆ. ಈ ಸಲ ನಿರ್ದೇಶಕರೇ ತಪಾಸಣೆಗೆಂದು ಜೊತೆಗೆ ಬಂದರು. ಜಯಲಕ್ಷ್ಮಿ ಇನ್ನೂ ಅಲ್ಲೇ ಇದ್ದರು. ಷಡ್ಡಕನ ಮಗಳಿಗೆ ಶ್ರೀರಂಗಪಟ್ಟಣದ ಕಡೆ ಎಲ್ಲೋ ಸಿಕ್ಕಿತ್ತಂತೆ. ನಿರ್ದೇಶಕರಿಗಾಗಿ ಗುಡಾರದೊಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ತೂರಿಸಿದರು. ಅವರು ಬಗ್ಗಿ, ತೆವಳಿ, ಮಂಡಿಗೆ ಮಣ್ಣು ಮಾಡಿಕೊಂಡು ಅದನ್ನೇರಿ ಕೂತರು. ಹೆಡ್ ಮಾಸ್ಟರು ಅವರ ಕಾಲ ಬಳಿ. ಕತ್ತಲಾಯಿತು. ಗ್ರಹಗಳು ಬಂದು ಹೋದವು. ಕೊನೆಗೆ ಡಬ್ಬದೊಳಗಿನ ನಾನು ಗಂಭೀರವಾಗಿ ಹೇಳಿದೆ:

"ಅದರ ಆಚೆ,"

"ಬಹುಸಾ!" ಎಂದು ಅಷ್ಟೂ ಮಕ್ಕಳು ಒಟ್ಟಿಗೆ ಕೂಗಿದರು.

"ಅಸಂಖ್ಯ ವಿಶ್ವಗಳು ನೊರೆಯ ಗುಳ್ಳೆಗಳಂತೆ ತೇಲುತ್ತಿವೆ."

ಖಾಲಿ ಜಾಗಕ್ಕೆ ಅಳತೆ ಮಾಡಿ ಹೊಲಿದಂತೆ ಆ ಪದ ಕೂತಿತು. ಅಲ್ಲಿ ಅದನ್ನು ನಾನು ಮೊದಲು ಹೇಳಿದ್ದೆನೋ ಇಲ್ಲವೋ ಎನ್ನುವುದು ಆ ಹೊತ್ತಿಗೆ ಮುಖ್ಯವಾಗಲಿಲ್ಲ. ಕತ್ತಲಲ್ಲಿ ಜಯಲಕ್ಷ್ಮಿಯವರ ಮುಖ ಕಾಣುತ್ತಿರಲಿಲ್ಲ. ಬಾಗಿಲ ಹತ್ತಿರ ಅವರ ಬಳೆ ಸದ್ದಾಯಿತು, ಅಷ್ಟೇ.

ನಿರ್ದೇಶಕರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಅರೆ! ಮಕ್ಕಳು ಪ್ರದರ್ಶನದಲ್ಲಿ ಭಾಗವಹಿಸ್ತಿದ್ದಾರೆ! ಬೇರೆ ಎಲ್ಲೂ ಇದನ್ನ ನೋಡಲಿಲ್ಲ. ಯಾರ ಯೋಜನೆ ಇದು?"

ಹೆಡ್ ಮಾಸ್ಟರು ಗಂಟಲು ಸರಿಮಾಡಿಕೊಂಡರು. "ಇದ್ನೆಲ್ಲ ನಾನೇ ಕುಂತ್ಕಂಡು ಹೇಳ್ಕೊಟ್ಟಿದ್ದು ಸಾರ್," ಎಂದರು.

ಗುಡಾರದೊಳಗೆ ಒಂದು ಉಸಿರಿನಷ್ಟು ಹೊತ್ತು ಮೌನ. ಮಕ್ಕಳಿಗೆ ಅಭ್ಯಾಸವಾಗಿಹೋಗಿತ್ತು.

"ಬಹುಸಾ!"